ಮುದ್ದೆಯಲ್ಲಿ ಕದ್ದು ಬೆರೆಸಿದ ಪುಡಿ

ಧನಗೆರೆಯ ನಮ್ಮ ಬೀದಿಯ ಸೋಮಮ್ಮನ ಮಗಳು ಪದ್ಮಿನಿ ಮೂರು ದಿನದಿಂದ ಅವ್ವನ ಕೈಯಿಂದ ಒಂದು ತುತ್ತೂ ಉಣ್ಣುತ್ತಿರಲಿಲ್ಲ. ಅದಕ್ಕೆ ಕಾರಣ ನಾನು, ಪಕ್ಕದ ಮನೆಯ ದೊಡ್ಡಬಸಮ್ಮ. ಸಂಘದ ಅಕ್ಕತಂಗಿಯರೇ, ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಪದ್ಮಿನಿಗೆ ಆಗ ಇಪ್ಪತ್ತೊಂದು ವರ್ಷ. ಕೊಳ್ಳೇಗಾಲಕ್ಕೆ ರೇಷ್ಮೆ ಮಗ್ಗದ ಕೆಲಸಕ್ಕೆ ಹೋಗುವ ಚುರುಕು ಹುಡುಗಿ. ಬೆಳಿಗ್ಗೆ ಅವ್ವನನ್ನು ತಬ್ಬಿಕೊಂಡು ‘ನೀನೇ ನನ್ ದೇವ್ರು’ ಎನ್ನುವಳು. ಅವ್ವ ಹೇಳದೆ ನಮ್ಮ ಮನೆಗೆ ಬಂದರೂ ಸಾಕು, ‘ನನ್ನ ಬುಟ್ಬುಟ್ಟು ಓದೆ’ ಎಂದು ತಟ್ಟೆ ಎಸೆಯುವಳು. ಸಂಕಟ ತಡೆಯಲಾರದೆ ಎರಡು ಸಲ ತನ್ನ ಕೈಗೆ ತಾನೇ ಗಾಯ ಮಾಡಿಕೊಂಡಿದ್ದಳು. ಮೈಸೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ಇದಕ್ಕೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದು ಹೆಸರು ಹೇಳಿದರು. ನಿದ್ದೆಗೊಂದು ಮಾತ್ರೆ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಬಂದು ಕೂತು ಮಾತಾಡಬೇಕು ಎಂದರು.

‘ಮಾತಾಡುದ್ರೆ ಕಾಯ್ಲೆ ವಾಸಿಯಾದದಾ?’ ಎಂದು ನಕ್ಕವಳು ನಾನೇ. ಹನೂರಿಗೆ ಹೋದಾಗ ಅಶ್ವಗಂಧ, ಒಂದೆಲಗ, ಇನ್ನೂ ಯಾವ್ಯಾವುದೋ ಬೇರು ಕುಟ್ಟಿದ ಪುಡಿಯ ಪೊಟ್ಟಣ ತಂದುಕೊಟ್ಟೆ.

‘ಅವ್ಳು ಕುಡಿಯಲ್ಲ ಕಣಕ್ಕ’ ಎಂದಳು ಸೋಮಮ್ಮ.

‘ಮುದ್ದೆ ತಿರುವುವಾಗ ಕಲಸ್ಬುಡು. ರಾಗಿ ಬಣ್ದಲ್ಲಿ ಯಾರ್ಗೆ ಗೊತ್ತಾದದು?’ ಎಂದೆ.

ಎಂಟು ದಿನ ಕಲಸಿದಳು. ಹುಡುಗಿ ಹೊತ್ತೇರಿದರೂ ಏಳಳು, ಮಗ್ಗದ ಮುಂದೆ ತೂಕಡಿಸುವಳು. ನಾನೋ, ಮದ್ದು ಹಿಡಿಯಿತು ಎಂದು ಬೀಗಿದೆ. ಒಂಬತ್ತನೇ ದಿನ ಪದ್ಮಿನಿ ಒಲೆಯ ಹತ್ತಿರ ಬಂದವಳು, ಅವ್ವ ಪೊಟ್ಟಣದ ಪುಡಿಯನ್ನು ಮುದ್ದೆಗೆ ಸುರಿಯುವುದನ್ನು ಕಂಡಳು. ‘ನೀನೂ ಮೋಸ ಮಾಡ್ದೆ ಅವ್ವ. ಇನ್ ನಿನ್ ಕೈಲಿ ನೀರೂ ಕುಡಿಯಲ್ಲ’ ಎಂದಳು. ಅಂದಿನಿಂದ ಅಂಗಡಿಯ ಬಾಳೆಹಣ್ಣೇ ಅವಳ ಊಟ. ಮೂರನೇ ದಿನ ಸೋಮಮ್ಮ ಕಣ್ಣೀರು ಹಾಕುತ್ತಾ ನನ್ನ ಬಾಗಿಲಿಗೆ ಬಂದಳು.

ನಮ್ಮೂರಿನ ನರ್ಸಮ್ಮ ಲಕ್ಷ್ಮಿದೇವಿಯನ್ನು ಕರೆತಂದೆವು. ಅವರು ಪೊಟ್ಟಣ ತಿರುಗಿಸಿ ನೋಡಿದರು.

‘ಒಂದೆಲಗದ ಚಟ್ನಿ ಮಾಡಿ ಎಲ್ಲಾರೂ ತಿನ್ನಿ, ಬೇಡ ಅನ್ನಲ್ಲ. ಆದ್ರೆ ಈ ಕಾಯಿಲೆ ವಾಸಿ ಮಾಡೋ ಬೇರಾಗಲಿ, ಟಾನಿಕ್ಕಾಗಲಿ ಇದೆ ಅಂತ ಇನ್ನೂ ಸಾಬೀತಾಗಿಲ್ಲ. ಈ ಪುಡಿಯಲ್ಲಿ ಏನೇನಿದೆ ಅಂತಾನೂ ಬರೆದಿಲ್ಲ. ನಿದ್ದೆ ಮಾತ್ರೆ ಜೊತೆ ಅಶ್ವಗಂಧ ಸೇರಿದ್ರೆ ಮಂಪರು ಹೆಚ್ಚಾಗ್ಬಹುದು. ಅದಕ್ಕಿಂತ ಹೆಚ್ಚಾಗಿ, ತನ್ನೋರು ಕೈಬಿಡ್ತಾರೆ ಅಂತ ಹೆದರೋ ಮಗೂಗೆ ನೀವು ಕದ್ದು ಹಾಕಿದ್ರಲ್ಲ!’

‘ಇನ್ನೇನ್ ಮಾಡ್ಬೇಕು ಏಳಿ ನರ್ಸಮ್ಮ’ ಎಂದೆ.

‘ತಪ್ಪು ಒಪ್ಕೊಳ್ಳಿ. ಅವಳಿಗೆ ಸಂಕಟ ಬಂದಾಗ ವಾದ ಬೇಡ, ಬುದ್ಧಿ ಹೇಳೋದು ಬೇಡ. ಚಾಕು, ಬ್ಲೇಡು ಕೈಗೆ ಸಿಗದ ಹಾಗೆ ಇಡಿ. ಜೊತೇಲಿ ಕೂತ್ಕೊಳ್ಳಿ. ಏರಿದ ಸಂಕಟ ಇಳಿಯುತ್ತೆ.’

ನನಗೆ ಒಂದಿಷ್ಟೂ ನಂಬಿಕೆ ಬರಲಿಲ್ಲ.

ಅಂದು ಸಂಜೆ, ನರ್ಸಮ್ಮನೂ ನಾನೂ ಜೊತೆಯಲ್ಲಿರುವಾಗಲೇ, ಸೋಮಮ್ಮ ಮಗಳ ಮುಂದೆ ನಿಂತು, ‘ಕದ್ದು ಆಕ್ದೆ ಕಣವ್ವ, ತಪ್ಪಾಯ್ತು’ ಎಂದಳು. ಪದ್ಮಿನಿ ಕಿರುಚಿದಳು, ಗೋಡೆಗೆ ಗುದ್ದಿದಳು. ‘ಓಗಿ! ಎಲ್ರೂ ಓಗಿ!’ ಬೈಯಲು ಬಾಯಿ ತೆರೆದ ನನ್ನನ್ನು ನರ್ಸಮ್ಮ ಕಣ್ಣಲ್ಲೇ ತಡೆದರು. ಸೋಮಮ್ಮ ಅಲ್ಲೇ ನೆಲದ ಮೇಲೆ ಕುಳಿತಳು. ‘ಸಂಕಟ ಆಯ್ತಾ ಅದೆ ನಿಂಗೆ. ನಾನ್ ಇಲ್ಲೇ ಇರ್ತೀನಿ.’ ಎಷ್ಟು ಸಲ ಹೇಳಿದಳೋ!

ಒಲೆಯ ಮೇಲೆ ಅವರೆಕಾಳು ಬೇಯುತ್ತಿತ್ತು. ಅದು ಬೇಯುವಷ್ಟರಲ್ಲಿ ಕಿರುಚಾಟ ಅಳುವಾಯಿತು, ಅಳು ಬಿಕ್ಕಾಯಿತು, ಬಿಕ್ಕೂ ನಿಂತು ಬರೀ ಉಸಿರು ಕೇಳಿಸಿತು. ನಾಲ್ಕು ಮಕ್ಕಳನ್ನು ಹೆತ್ತವಳು ನಾನು. ಮನುಷ್ಯರ ಮನಸ್ಸು ಅಷ್ಟೆತ್ತರ ಏರಿ, ಬೇರಿಲ್ಲದೆ, ಬೈಗುಳವಿಲ್ಲದೆ ತಾನಾಗಿ ಇಳಿಯುವುದನ್ನು ಅಂದೇ ಮೊದಲು ಕಂಡದ್ದು. ಗುಡಿಯಲ್ಲಿ ನಿಂತಂತೆ ಸುಮ್ಮನೆ ನಿಂತುಬಿಟ್ಟೆ.

ಪದ್ಮಿನಿ ತಲೆ ಎತ್ತಿದಳು. ಅವಳಿಗೂ ನನ್ನಷ್ಟೇ ಬೆರಗು.

‘ಅವ್ವ, ನೀನು ಓಗ್ನೇ ಇಲ್ವಲ್ಲ!’

ಆಮೇಲೆ ಅವ್ವನ ಕೈಯಿಂದಲೇ ಉಂಡಳು. ಅಂದೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಎರಡು ವರ್ಷದಿಂದ ಮೈಸೂರಿಗೆ ಹೋಗಿಬರುತ್ತಿದ್ದಾಳೆ. ಕೆಟ್ಟ ದಿನಗಳು ಈಗಲೂ ಬರುತ್ತವೆ, ಮೊದಲಿಗಿಂತ ಕಡಿಮೆ. ಬಸ್ಸಿನಲ್ಲಿ ಜೊತೆಗೆ ಹೋಗುವವಳು, ಮಾತಿನಿಂದ ಏನಾದೀತು ಎಂದು ನಕ್ಕ ಇದೇ ದೊಡ್ಡಬಸಮ್ಮ.

ನಿಮ್ಮ ಮನೆಯಲ್ಲೂ ಇಂಥ ಮಗು ಇದೆಯೇ? ಹಠ ಎನ್ನಬೇಡಿ, ಗಾಳಿ ಸೋಕಿದೆ ಎನ್ನಬೇಡಿ, ನಾಳೆಯೇ ನರ್ಸಮ್ಮನನ್ನು ಕೇಳಿ. ಪುಡಿ, ಕಷಾಯ, ಟಾನಿಕ್ಕು ಏನೇ ಕೊಡುತ್ತಿದ್ದರೂ ಡಾಕ್ಟರ ಮುಂದೆ ಮುಚ್ಚಿಡಬೇಡಿ. ಅವರು ಬರೆದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸಾಯುವ ಮಾತಾಡಿದರೆ, ಗಾಯ ಮಾಡಿಕೊಂಡರೆ, ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಾಯಿಲೆಯವರಿಗೆ ತಿಳಿಯದಂತೆ ಅವರ ತಟ್ಟೆಗೆ ಏನನ್ನೂ ಬೆರೆಸಬೇಡಿ. ಅವರು ‘ಹೋಗು’ ಎಂದು ಕೂಗಿದಾಗಲೂ, ತಾಯಂದಿರೇ, ಹತ್ತಿರದಲ್ಲೇ ಕೂತಿರಿ.