ಮೊಳೆ ಹೊಡೆದ ಡಬ್ಬಿಗಳು

ಖಾಲಿ ತಗಡಿನ ಡಬ್ಬಿಗೆ ಮೊಳೆ ಹೊಡೆದರೆ ಅದು ತಗ್ಗು ಬೀಳುತ್ತದೆ. ಬೀಳಬಾರದೆಂದರೆ ಡಬ್ಬಿಯ ತುಂಬ ನೀರು ಹಾಕಿ, ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ನೀರು ಕಲ್ಲಿನಂತಾದ ಮೇಲೆ ಹೊಡೆಯಬೇಕು. ಇದನ್ನು ನನಗೆ ಹೇಳಿಕೊಟ್ಟವಳು ಹನ್ನೊಂದು ವರ್ಷದ ನನ್ನ ಮಗಳು ಪ್ರತೀಕ್ಷಾ. ಅವಳು ಕಲಿತದ್ದು ಕೊವೆಂಟ್ರಿಯ ತನ್ನ ಶಾಲೆಯಲ್ಲಿ. 2003ರ ಆ ಅಕ್ಟೋಬರಿನಲ್ಲಿ ನಾನು ಬೆಳಗಿನ ಪಾಳಿ ಮುಗಿಸಿ ಬರುವುದು, ಅವಳು ಶಾಲೆಯಿಂದ ಬರುವುದು, ಇಬ್ಬರೂ ಹಿತ್ತಲಿನ ಮೆಟ್ಟಿಲ ಮೇಲೆ ಹಳೇ ಟವೆಲ್ ಹಾಸಿಕೊಂಡು ಕೂರುವುದು. ಅವಳು ಕಾಗದದ ಮೇಲೆ ಚುಕ್ಕಿ ಇಟ್ಟು ರಂಗೋಲಿ ಬರೆದು ಡಬ್ಬಿಗೆ ಸುತ್ತುತ್ತಿದ್ದಳು, ನಾನು ಚುಕ್ಕಿಗೊಂದು ಮೊಳೆ ಹೊಡೆಯುತ್ತಿದ್ದೆ. ಕೋಟು ತೂಗುಹಾಕುವ ತಂತಿಯನ್ನು ಬಗ್ಗಿಸಿ ಹಿಡಿಕೆ ಮಾಡಿದೆವು. ಒಳಗೆ ಒಂದು ಹಿಡಿ ಮರಳು, ಮೇಲೊಂದು ಪುಟ್ಟ ಮೇಣದ ದೀಪ. ಕತ್ತಲಲ್ಲಿ ಹಚ್ಚಿಟ್ಟರೆ ನೆಲದ ತುಂಬ ರಂಗೋಲಿ.

ಇಷ್ಟೆಲ್ಲ ಅವಳ ಅಜ್ಜಿಗಾಗಿ. ನನ್ನ ಅತ್ತೆ ಗಂಗವ್ವ ಬಾಗಲಕೋಟೆಯಿಂದ ಬಂದು ವುಲ್ವರ್‌ಹ್ಯಾಂಪ್ಟನ್‌ನಲ್ಲಿ ದೊಡ್ಡ ಮಗಳ ಮನೆಯಲ್ಲಿದ್ದರು. ಒಂದು ದಿನ ಫೋನಿನಲ್ಲಿ ಮೊಮ್ಮಗಳಿಗೆ ಹೇಳಿದ್ದರು: "ನೀ ದೀಪ ಮಾಡ್ಕೊಂಡು ಬಾ ಅವ್ವಿ. ಪಾಡ್ಯದ ದಿನ ಪಾಂಡವರ ಮುಂದ ಮೊದಲನೇದು ನಾನ ನನ್ನ ಕೈಲೆ ಹಚ್ಚತೀನಿ." ನಮ್ಮ ಕಡೆ ದೀಪಾವಳಿ ಪಾಡ್ಯಕ್ಕೆ ಆಕಳ ಹೆಂಡಿಯಲ್ಲಿ, ಅಂದರೆ ಸೆಗಣಿಯಲ್ಲಿ, ಪಾಂಡವರನ್ನು ಮಾಡಿ, ಹೂ ಚುಚ್ಚಿ ಪೂಜಿಸುತ್ತಾರೆ. ಆ ಮಾತು ಕೇಳಿದ ಮೇಲೆ ಪ್ರತೀಕ್ಷಾ ಹತ್ತು ದೀಪ ಸಾಕೆಂದಿದ್ದವಳು ನಲವತ್ತು ಬೇಕೆಂದಳು.

ನಲವತ್ತು ಡಬ್ಬಿ ಎಲ್ಲಿಂದ ಬರಬೇಕು? ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ವಾರಕ್ಕೆ ಎರಡು ಟೊಮ್ಯಾಟೋ ಡಬ್ಬಿ, ಒಂದು ಬೀನ್ಸ್ ಡಬ್ಬಿ ಖಾಲಿಯಾದರೆ ಹೆಚ್ಚು. ಒಂಬತ್ತು ಕೂಡಿದವು. ಉಳಿದ ಮೂವತ್ತೊಂದನ್ನು ಕೊಟ್ಟವನು ಪಕ್ಕದ ಮನೆಯ ಬ್ರಯನ್. ಅವನ ಎರಡು ಅಲ್ಸೇಷನ್ ನಾಯಿಗಳು ದಿನಕ್ಕೆ ನಾಲ್ಕು ಡಬ್ಬಿ ಮಾಂಸ ತಿನ್ನುತ್ತಿದ್ದವು. ಸೋಡಾ ಹಾಕಿ, ಕುದಿಯುವ ನೀರಿನಲ್ಲಿ ಮೂರು ಮೂರು ಸಲ ತೊಳೆದೆವು. ಲೇಬಲ್ ಹೋದ ಮೇಲೆ ಎಲ್ಲ ಡಬ್ಬಿಯೂ ಒಂದೇ.

"ಡೋಂಟ್ ಟೆಲ್ ಮಮ್ಮಿ, ಪಪ್ಪಾ. ಡೋಂಟ್ ಟೆಲ್ ಎನಿಬಡಿ. ಪ್ರಾಮಿಸ್?"

"ಪ್ರಾಮಿಸ್" ಎಂದೆ. ಹೆಂಡತಿ ಸೌಮ್ಯಾ ಫ್ರೀಜರಿನಲ್ಲಿ ತುರಿದ ಕಾಯಿಯ ಪಕ್ಕ ನಿಂತ ಡಬ್ಬಿಗಳನ್ನು ನೋಡಿ, ಇಷ್ಟೊಂದು ಟೊಮ್ಯಾಟೋ ಯಾರ ಮನೆಯದು ಎಂದು ಕೇಳಿದಾಗಲೂ, "ಕ್ಯಾಂಟೀನಿನದು" ಎಂದು ಸುಳ್ಳು ಹೇಳಿದೆ.

ಇನ್ನು ನನ್ನ ಷಡ್ಡಕನ ವಿಷಯ. ಸೌಮ್ಯಾಳ ಅಕ್ಕನ ಗಂಡ ರಾಜಶೇಖರ ಮೂಳೆ ಡಾಕ್ಟರು. ನಾನು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದೆ. ಅದು ಮುಚ್ಚಿದ ಮೇಲೆ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಪ್ರತಿ ಭೇಟಿಯಲ್ಲಿ ನಾಲ್ಕು ಜನರ ಮುಂದೆ, "ಈಗೇನು ಮಾಡ್ಲಿಕ್ಕತ್ತೀರಿ ಶಿವರಾಜ್?" ಎಂದು ಹೊಸದಾಗಿ ಕೇಳಿ ತಿಳಿದುಕೊಳ್ಳುತ್ತಿದ್ದ.

ಪಾಡ್ಯ ಭಾನುವಾರ ಬಂತು. ಅವತ್ತೇ ಬೆಳಿಗ್ಗೆ ಚಳಿಗಾಲಕ್ಕೆಂದು ದೇಶದ ಗಡಿಯಾರಗಳನ್ನೆಲ್ಲ ಒಂದು ತಾಸು ಹಿಂದೆ ತಿರುಗಿಸಿದ್ದರಿಂದ ಐದಕ್ಕೇ ಕತ್ತಲು. ಡಬ್ಬಿಗಳು ಎರಡು ಪೆಟ್ಟಿಗೆಯಲ್ಲಿ ಹಿಂದಿನ ಸೀಟಿನ ಮೇಲೆ. ಅವು ಅಲುಗಬಾರದೆಂದು ಪ್ರತೀಕ್ಷಾ ಎಂ ಸಿಕ್ಸ್ ಹೆದ್ದಾರಿಯ ಉದ್ದಕ್ಕೂ ಕೈ ಚಾಚಿ ಹಿಡಿದುಕೊಂಡೇ ಬಂದಳು.

ಷಡ್ಡಕನ ತೋಟದಲ್ಲಿ ಆಗಲೇ ಅಂಗಡಿಯಿಂದ ತಂದ ಹನ್ನೆರಡು ತಾಮ್ರದ ಲಾಂದ್ರಗಳು, ಒಂದೇ ಎತ್ತರ, ಒಂದೇ ಅಂತರ, ಸಾಲಾಗಿ ನಿಂತಿದ್ದವು. ಹುಲ್ಲಿನ ನಡುವೆ ಮಣೆ ಹಾಕಿ ಅತ್ತೆ ಐದು ಪಾಂಡವರನ್ನು ಕೂರಿಸಿದ್ದರು.

"ಅತ್ತಿಯವರ ಸಲುವಾಗಿ ಆಕಳ ಹೆಂಡೀನೂ ಗಾರ್ಡನ್ ಸೆಂಟರಿನಿಂದ ತಂದೀನ್ರೀ" ಎಂದು ರಾಜಶೇಖರ ಬಂದವರಿಗೆಲ್ಲ ಹೇಳುತ್ತಿದ್ದ. "ನಾಲ್ಕು ಅಂಗಡಿ ತಿರುಗಿದೆ. ಈ ದೇಶದಾಗ ಇಷ್ಟು ಯಾರು ಮಾಡ್ತಾರ?"

ಅತ್ತೆ ಮಾತ್ರ ಕೈ ಮೂಸಿಕೊಂಡು, "ವಾಸನೀನ ಬ್ಯಾರೆ ಬಿಡ್ರಿ ಇಲ್ಲೀದು" ಎಂದರು.

ನಮ್ಮ ಪೆಟ್ಟಿಗೆ ನೋಡಿದ ರಾಜಶೇಖರನ ಮೊದಲ ಮಾತು: "ಓಹೋ, ಇವೇನು? ಅಲ್ಲಿ ಶೆಡ್ಡಿನ ಕಡೆ ಇಟ್ಟುಬಿಡ್ರಿ, ಕಸದ ಬಿನ್ನಿನ ಬಾಜೂಕ."

"ಬಿನ್ನಿನ ಬಾಜೂಕ ಯಾಕ್ರೀ?" ಎಂದರು ಅತ್ತೆ. "ನಾ ಕೂಸಿಗೆ ಮಾತು ಕೊಟ್ಟೀನಿ. ಬಾ ಅವ್ವಿ, ಇಲ್ಲಿಡು. ಸುತ್ತಲೂ ಇಡು."

ಪ್ರತೀಕ್ಷಾ ಒಂದೊಂದನ್ನೇ ಪಾಂಡವರ ಸುತ್ತ ಇಟ್ಟಳು. ಇಟ್ಟು ಹಿಂದೆ ಸರಿದು ನೋಡುವುದು, ಮತ್ತೆ ಹೋಗಿ ಇಷ್ಟೇ ಇಷ್ಟು ತಿರುಗಿಸುವುದು. ಅತ್ತೆ ಕಡ್ಡಿಪೆಟ್ಟಿಗೆ ಹಿಡಿದು ಆರತಿಯ ತಾಟು ಬರಲೆಂದು ಕಾಯುತ್ತಿದ್ದರು. ಐದು ನಿಮಿಷದ ಕೆಲಸ. ಆ ಐದು ನಿಮಿಷ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು.

"ಈಗೇನು ಮಾಡ್ಲಿಕ್ಕತ್ತೀರಿ ಶಿವರಾಜ್?" ಶುರುವಾಯಿತು.

"ಅದ ಕೆಲಸಾರೀ."

"ಯಾವುದು? ಹಾಂ, ಫೋರ್ಕ್‌ಲಿಫ್ಟ್! ಡಬ್ಬಿ ಅದರಾಗ ಹೇರಿಕೊಂಡು ಬಂದ್ರೇನು?" ಸುತ್ತಲಿನ ಹದಿನೈದು ಜನ ನಕ್ಕರು. "ಎಷ್ಟದಾವ ಇವು?"

"ನಲವತ್ತು."

"ನಲವತ್ತು ಡಬ್ಬಿ ಬೀನ್ಸ್! ಇನ್ನ ನಿಮ್ಮ ಮನ್ಯಾಗ ಗ್ಯಾಸಿನ ಬಿಲ್ಲ ಬರಂಗಿಲ್ಲ ಬಿಡ್ರಿ."

ಈ ಸಲ ಜೋರಾಗಿ ನಕ್ಕರು. ಸೌಮ್ಯಾಳೂ ನಕ್ಕಳು, ತಲೆ ತಗ್ಗಿಸಿ. ನಾನೂ ಹಲ್ಲು ಕಿರಿದೆ. ಅಷ್ಟಕ್ಕೇ ಬಿಟ್ಟಿದ್ದರೆ ನುಂಗಿಕೊಳ್ಳುತ್ತಿದ್ದೆ, ನುಂಗಿ ರೂಢಿಯಿತ್ತು. ಅವನು ಬಗ್ಗಿ ಪ್ರತೀಕ್ಷಾಳ ಗಲ್ಲ ಹಿಡಿದ.

"ಏನವ್ವಾ, ನಿಮ್ಮ ಪಪ್ಪಾ ದಿನಾ ಬರೇ ಬೀನ್ಸ ತಿನ್ನಸ್ತಾನೇನು? ಪಾಪ. ಇವತ್ತರೆ ದೊಡ್ಡಪ್ಪನ ಮನ್ಯಾಗ ಹೊಟ್ಟಿ ತುಂಬ ಉಂಡು ಹೋಗು."

"ಬೀನ್ಸ್ ಅಲ್ರೀ ಡಾಕ್ಟರ್ರ" ಎಂದೆ. ನನ್ನ ದನಿ ನನಗೇ ಬಹಳ ಶಾಂತವಾಗಿ ಕೇಳಿಸಿತು. "ನಾಯಿ ತಿನ್ನೋ ಮಾಂಸದ ಡಬ್ಬಿ. ಬಾಜೂ ಮನಿ ನಾಯಿ ತಿಂದು ಬಿಟ್ಟದ್ದು. ನಿಮ್ಮ ಅಂಗಳಕ್ಕ ಇಷ್ಟು ಸಾಕು ಅಂತ ತಂದೆ."

ಯಾರೂ ನಗಲಿಲ್ಲ. ಹತ್ತಿರ ನಿಂತಿದ್ದ ಒಬ್ಬ ಹೆಂಗಸು ಸೀರೆಯ ನೆರಿಗೆ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ನನ್ನ ಫ್ರೀಜರಿನ್ಯಾಗ ಇಟ್ಟಿದ್ರಿ" ಎಂದಳು ಸೌಮ್ಯಾ. "ಕಾಯಿ ತುರಿ ಬಾಜೂಕ ಇಟ್ಟಿದ್ರಿ. ನಾ ಅದರಾಗ ಹೋಳಿಗಿ ಮಾಡೀನಿ."

"ದೇ ಆರ್ ಕ್ಲೀನ್!" ಪ್ರತೀಕ್ಷಾ ಕೂಗಿದಳು. "ವಿ ವಾಶ್ಡ್ ದೆಮ್! ಪಪ್ಪಾ, ಟೆಲ್ ದೆಮ್!" ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಯೂ ಪ್ರಾಮಿಸ್ಡ್" ಎಂದಳು.

ರಾಜಶೇಖರನಿಗೆ ಹಬ್ಬವೇ ಆಯಿತು. "ದೇವರ ಮುಂದ ನಾಯಿ ಎಂಜಲಾ! ತೆಗೀರಿ ಮೊದಲು! ಒಂದೂ ಉಳೀಬಾರದು!" ಎಂದು ಬೂಟುಗಾಲಿನಿಂದ ಹತ್ತಿರದ ಡಬ್ಬಿಯನ್ನು ತಳ್ಳಿದ. ಅದು ಉರುಳಿತು. ಮರಳು ಹುಲ್ಲಿನ ಮೇಲೆ ಚೆಲ್ಲಿತು.

ಅತ್ತೆ ಕಡ್ಡಿಪೆಟ್ಟಿಗೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಬಯ್ಯಲಿಲ್ಲ. ನನ್ನನ್ನೇ ನೋಡಿ ಹೇಳಿದರು: "ಗೊತ್ತಿರದಿದ್ರ ಹಚ್ಚತಿದ್ದೆನಲ್ರೀ. ಕಿವೀಗೆ ಬಿದ್ದಮ್ಯಾಲೆ ಹೆಂಗ ಹಚ್ಚಲಿ? ಯಾಕ ಹೇಳಿದ್ರಿ?"

ಪ್ರತೀಕ್ಷಾ ಪೆಟ್ಟಿಗೆ ಎಳೆದುಕೊಂಡು ಡಬ್ಬಿ ತುಂಬತೊಡಗಿದಳು. ಖಾಲಿ ಮಾಡಿ ಶೆಡ್ಡಿನ ಹಿಂದೆ ಇಟ್ಟಿದ್ದ ಎರಡನೇ ಪೆಟ್ಟಿಗೆ ತರಲು ನಾನು ಹೋದೆ. ಅಲ್ಲಿ ಬಿನ್ನಿನ ಮೇಲೆ ಮಡಚಿಟ್ಟ, ಗಾರ್ಡನ್ ಸೆಂಟರಿನ ಖಾಲಿ ಪ್ಲಾಸ್ಟಿಕ್ ಚೀಲ ಕಂಡಿತು. ಚೀಲದ ಮುಂಬದಿಯಲ್ಲಿ ಹಸಿರು ಹುಲ್ಲಿನಲ್ಲಿ ನಿಂತ ಕಪ್ಪು ಬಿಳುಪು ಆಕಳ ದೊಡ್ಡ ಚಿತ್ರ. ತಿರುಗಿಸಿದೆ. ಹಿಂದೆ ಸಣ್ಣ ಅಕ್ಷರದಲ್ಲಿ ಒಳಗೇನಿದೆ ಎಂದು ಬರೆದಿತ್ತು: ಕುದುರೆ ಲಾಯದ ಗೊಬ್ಬರ, ಕೋಳಿ ಗೊಬ್ಬರ. ಆಕಳ ಹೆಸರೇ ಇಲ್ಲ. ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದೆ.

ಪಾಂಡವರು ಕೋಳಿಯ ಹಿಕ್ಕೆಯವರು! ನಾಲ್ಕು ಅಂಗಡಿ ತಿರುಗಿದ ಡಾಕ್ಟರು ಚಿತ್ರ ನೋಡಿ ತಂದಿದ್ದ. ಎಷ್ಟೋ ದಿನದಿಂದ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಚೀಲ ಹಿಡಿದು ತೋಟದ ಕಡೆ ನಡೆದೆ. ಅಲ್ಲಿ ಅವನು ಇನ್ನೂ ಮಾತಾಡುತ್ತಲೇ ಇದ್ದ, "ಸಂಸ್ಕಾರ ಅನ್ನೋದು ಮನ್ಯಾಗ ಇರಬೇಕ್ರೀ." ಅತ್ತೆ ಕಣ್ಣು ಮುಚ್ಚಿ ಕೈ ಮುಗಿದು ಪಾಂಡವರ ಮುಂದೆ ಕೂತಿದ್ದರು.

ಪ್ರತೀಕ್ಷಾ ಅಡ್ಡ ಬಂದಳು. ನನ್ನ ಕೈಯಲ್ಲಿದ್ದದ್ದನ್ನು ಓದಿದಳು. ಒಮ್ಮೆ ಅಜ್ಜಿಯ ಕಡೆ, ಒಮ್ಮೆ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ. ಚೀಲವನ್ನು ಕಿತ್ತುಕೊಂಡು ಪೆಟ್ಟಿಗೆಯ ತಳಕ್ಕೆ ತುರುಕಿ, ಮೇಲೆ ಡಬ್ಬಿಗಳನ್ನು ಧಡಧಡ ಸುರಿದಳು.

ಊಟಕ್ಕೆ ನಿಲ್ಲದೆ ಹೊರಟೆವು. ಮನೆಗೆ ಬಂದ ಸೌಮ್ಯಾ ಮೇಲಂಗಿಯನ್ನೂ ಬಿಚ್ಚದೆ ಫ್ರೀಜರನ್ನು ಖಾಲಿ ಮಾಡಿ ತೊಳೆಯಲು ಕೂತಳು.

ಮರುದಿನ ನಾನು ಓವರ್‌ಟೈಮ್ ಮುಗಿಸಿ ಸಂಜೆ ಬಂದು ಬೂಟು ಬಿಚ್ಚುವಷ್ಟರಲ್ಲಿ ಫೋನು. ರಾಜಶೇಖರ.

"ಎಲ್ಲಾರೂ ಅದನ್ನ ಮಾತಾಡ್ಲಿಕ್ಕತ್ತಾರ ನೋಡ್ರಿ. ಸ್ವಾಮಿಗಳನ್ನ ಕೇಳಿ ಅಂಗಳ ಶುದ್ಧ ಮಾಡಸ್ಬೇಕಂತ ಅತ್ತಿಯವರು ಅಂತಾರ. ನೀವ ಬಂದು ಎಲ್ಲಾರ ಮುಂದ ತಪ್ಪಾತು ಅಂದ್ರ ಮುಗೀತು."

"ಒಂದು ನಿಮಿಷ ಹಿಡೀರಿ ಡಾಕ್ಟರ್ರ. ನಿಮಗೊಂದು ಓದಿ ಹೇಳೋದೈತಿ" ಎಂದೆ.

ಫೋನು ಹಿಡಿದುಕೊಂಡೇ ಗ್ಯಾರೇಜಿಗೆ ಹೋದೆ. ಎರಡು ಪೆಟ್ಟಿಗೆಗಳೂ ಇದ್ದವು, ಖಾಲಿ. ಡಬ್ಬಿಯೂ ಇಲ್ಲ, ಚೀಲವೂ ಇಲ್ಲ. ಹಿತ್ತಲಿಗೆ ಬಂದೆ. ಬೇಲಿಯಾಚೆ ಬ್ರಯನ್‌ನ ಅಂಗಳದಲ್ಲಿ ನಲವತ್ತೂ ದೀಪಗಳು ಉರಿಯುತ್ತಿದ್ದವು. ಬಟ್ಟೆ ಒಣಹಾಕುವ ತಂತಿಯ ಮೇಲೆ ಕೆಲವು, ನೆಲದ ಮೇಲೆ ಕೆಲವು. ರಂಗೋಲಿಯ ನಡುವೆ ಎರಡು ನಾಯಿಗಳು ಕಾಲು ಚಾಚಿ ಮಲಗಿದ್ದವು. ಪ್ರತೀಕ್ಷಾ ಉದ್ದ ಕಡ್ಡಿಯಿಂದ ಕೊನೆಯದನ್ನು ಹಚ್ಚುತ್ತಿದ್ದಳು.

"ಪ್ರತೀಕ್ಷಾ, ಆ ಚೀಲ ಎಲ್ಲೈತಿ?"

ಅವಳು ತಿರುಗಲಿಲ್ಲ. ನನಗೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಒಂದೊಂದೇ ಶಬ್ದ ಬಿಡಿಸಿ ಕನ್ನಡದಲ್ಲಿ ಹೇಳಿದಳು:

"ನಿಮಗ ಹೇಳಂಗಿಲ್ಲ."

ಕೈಯಲ್ಲಿದ್ದ ಫೋನು "ಹಲೋ? ಹಲೋ? ಏನು ಓದತೀರಿ, ಓದ್ರೆಲಾ?" ಎನ್ನುತ್ತಿತ್ತು.