ಬಂದರಿಗೆ ಹೊರಟ ದಿಂಬು

ಆಸ್ಪತ್ರೆಯಲ್ಲಿ ನರ್ಸುಗಳಿಗೆ ಪಾಳಿ ಹಂಚುವ ಕೆಲಸ ಅವಳದು. ಯಾರಿಗೆ ಹಗಲು, ಯಾರಿಗೆ ರಾತ್ರಿ, ಯಾರ ಮಗುವಿಗೆ ಜ್ವರ, ಯಾರ ಗಂಡ ಊರಲ್ಲಿಲ್ಲ, ಎಲ್ಲ ನೋಡಿಕೊಂಡು ಯಾರೂ ಗೊಣಗದ ಹಾಗೆ ವಾರವನ್ನು ಹಂಚುವುದರಲ್ಲಿ ಅವಳದು ಎತ್ತಿದ ಕೈ. ಮನೆಯಲ್ಲೂ ಅದೇ ಚಾಳಿ. ಸ್ನಾನಕ್ಕೆ ಯಾರು ಮೊದಲು, ಒಲೆಯ ಮೇಲೆ ಯಾವುದು ಮೊದಲು, ಎಲ್ಲಕ್ಕೂ ಸರದಿ. ಅದಕ್ಕೇ ಗಂಡ ಅವಳಿಗೆ ಪಾಳಿಯಮ್ಮ ಅಂತ ಹೆಸರಿಟ್ಟಿದ್ದ. ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ, ಅವನ ಕನ್ನಡಕದಂಗಡಿಯ ಗಿರಾಕಿಗಳೂ "ಪಾಳಿಯಮ್ಮ ಚೆನ್ನಾಗಿದ್ದಾರಾ?" ಎಂದು ಕೇಳುತ್ತಿದ್ದರು.

ಪಾಳಿಯಮ್ಮನಿಗೆ ಒಬ್ಬಳೇ ತಂಗಿ. ಸರಕು ಹಡಗಿನಲ್ಲಿ ಅಡುಗೆಯವಳು. ಅಕ್ಕ ತಂಗಿ ಮುಖ ನೋಡಿ ಎರಡು ವರ್ಷವಾಗಿತ್ತು. ಈಗ ಅವಳ ಹಡಗು ಒಂದು ಶನಿವಾರ ಕಡಲ ದಂಡೆಯ ರಸ್ತೆಯ ಕೊನೆಗಿರುವ ಬಂದರಿಗೆ ಬಂದು, ಅದೇ ಸಂಜೆ ಹೊರಡುವುದಿತ್ತು. ಆ ದಿನ ತಪ್ಪಿದರೆ ಮತ್ತೆ ಮುಂದಿನ ವರ್ಷದ ಮಾತು. ಹೊರಗಿನವರಿಗೆ ಬಂದರಿನ ಬಾಗಿಲು ಐದು ಗಂಟೆಗೆ ಮುಚ್ಚುತ್ತದೆ ಎಂದು ತಂಗಿ ಮೊದಲೇ ಹೇಳಿದ್ದಳು.

"ಅಕ್ಕಾ, ಬರುವಾಗ ನನ್ನ ಹಳೇ ದಿಂಬು ತಾ. ಇಲ್ಲಿನ ದಿಂಬಿನ ಮೇಲೆ ತಲೆ ಇಟ್ರೆ ಇಟ್ಟಿಗೆ ಮೇಲೆ ಇಟ್ಟ ಹಾಗಾಗುತ್ತೆ. ನಿದ್ದೆ ಅನ್ನೋದೇ ಮರೆತುಹೋಗಿದೆ."

ಪಾಳಿಯಮ್ಮ ದಿಂಬಿನ ಹತ್ತಿಯನ್ನು ಬಿಸಿಲಿಗೆ ಹಾಕಿ, ಬಿಡಿಸಿ, ಮತ್ತೆ ತುಂಬಿ, ಹೊಸ ಚೀಲ ಹೊಲಿದಳು. ಆಮೇಲೆ ದಾರಿಯ ಯೋಚನೆಗೆ ಕೂತಳು.

ದಾರಿಯೇ ದೊಡ್ಡ ತಲೆನೋವಾಗಿತ್ತು. ಹಳೇ ಕಾರು ಮಾರಿ ಕರೆಂಟಿನ ಕಾರು ತಂದು ಎರಡು ತಿಂಗಳಾಗಿತ್ತಷ್ಟೆ. ಅಂಗಡಿಗೆ, ಶಾಲೆಗೆ, ಆಸ್ಪತ್ರೆಗೆ ಓಡಾಡಲು ಏನೂ ತೊಂದರೆಯಿರಲಿಲ್ಲ. ಕಡಲ ದಂಡೆಯ ಉದ್ದಕ್ಕೂ ಹೋಗಬೇಕೆಂದರೆ ಎಲ್ಲಿ ಪ್ಲಗ್ಗಿದೆ, ಎಲ್ಲಿಲ್ಲ ಎಂದು ನೋಡಬೇಕು. ದಿನಾ ಪಾತ್ರೆ ತೊಳೆದಾದ ಮೇಲೆ ಅವಳು ಫೋನಿನ ನಕ್ಷೆ ತೆರೆದು ಕೂರುತ್ತಿದ್ದಳು. ಅವಳ ಸೂತ್ರ ಒಂದೇ: ಕಾರಿಗೆ ಹಸಿವಾದಾಗ ನಮಗೂ ಹಸಿವಾಗಬೇಕು. ಪೇಟೆಯಲ್ಲಿ ಕಾರಿಗೆ ಚಾರ್ಜು, ಅತ್ತೆಯ ಕಾಲಿಗೆ ಅಡ್ಡಾಟ. ಸಮುದ್ರದ ದಂಡೆಯ ಹೋಟೆಲಿನಲ್ಲಿ ಕಾರಿಗೆ ಚಾರ್ಜು, ಎಲ್ಲರಿಗೂ ಊಟ. ದೀಪಸ್ತಂಭದ ಹತ್ತಿರ ಇನ್ನೊಂದಿದೆ, ಬೇಕಾದರೆ ಇರಲಿ ಅಂತ.

"ಇಷ್ಟೆಲ್ಲ ಯಾಕೆ ಕಣೇ?" ಎಂದ ಗಂಡ. "ರಾತ್ರಿ ತುಂಬಿಸಿಟ್ರೆ ಒಂದೇ ಉಸಿರಿಗೆ ಹೋಗುತ್ತೆ. ಕಂಪನಿಯವರೇ ಹೇಳಿದ್ದಾರೆ."

"ಕಂಪನಿಯವರು ನಿಮ್ಮಮ್ಮನ್ನ ಹಿಂದೆ ಕೂರಿಸ್ಕೊಂಡು ಓಡಿಸಿ ನೋಡಿದ್ರಾ?"

ಗಂಡ ನಕ್ಕ.

ಶನಿವಾರ ಬೆಳಿಗ್ಗೆ ದಿಂಬು, ನೀರು, ಬುತ್ತಿ, ಮಗಳು ಗುಬ್ಬಿಗೆ ವಾಂತಿಯಾದರೆ ಇರಲಿ ಎಂದು ಒಂದು ಚೀಲ, ಎಲ್ಲ ಕಾರಿನಲ್ಲಿ ಸೇರಿದವು. ಗಂಡ ಕಾರು ಶುರುಮಾಡಿದ. ಶುರುಮಾಡಿದವನು ಹಾಗೇ ಕೂತ.

"ಪಾಳೀ, ಇಲ್ಲಿ ಬಾ. ಇದು ಅರ್ಧವೂ ತುಂಬಿಲ್ಲ."

"ಅದು ಹೇಗೆ? ರಾತ್ರಿ ನಾನೇ ಕೈಯಾರೆ ಚುಚ್ಚಿದ್ದೀನಿ!"

ಆಗ ಅತ್ತೆ ಹಿಂದಿನ ಸೀಟಿನಿಂದ ಕತ್ತು ಚಾಚಿದರು. "ಹೊರಗಡೆ ಹಸಿರು ದೀಪ ಉರೀತಾ ಇತ್ತಲ್ಲ, ಅದಾ? ಯಾರೋ ಮರೆತಿರ್ಬೇಕು ಅಂತ ಮಲಗೋ ಮುಂಚೆ ನಾನೇ ಆರಿಸಿದೆ."

ಅತ್ತೆಯ ಈ ಅಭ್ಯಾಸ ಮನೆಗೆಲ್ಲ ಗೊತ್ತಿದ್ದದ್ದೇ. ಮಲಗುವ ಮುಂಚೆ ಕೋಣೆ ಕೋಣೆ ಸುತ್ತಿ ಕಣ್ಣಿಗೆ ಬಿದ್ದ ಸ್ವಿಚ್ಚನ್ನೆಲ್ಲ ಆರಿಸದಿದ್ದರೆ ಅವರಿಗೆ ನಿದ್ದೆಯೇ ಹತ್ತದು. ಒಮ್ಮೆ ಫ್ರಿಜ್ಜನ್ನೂ ಆರಿಸಿ ಹಾಲೆಲ್ಲ ಒಡೆದಿತ್ತು.

"ಅಮ್ಮಾ! ಇಡೀ ರಾತ್ರಿ ಬಿಡಬೇಕು ಅದನ್ನ!"

"ಹಾಗಂತ ನಂಗೆ ಯಾರಪ್ಪಾ ಹೇಳಿದ್ರು? ನನ್ನ ಫೋನು ಒಂದು ಗಂಟೇಲಿ ತುಂಬುತ್ತೆ."

ಪಾಳಿಯಮ್ಮನಿಗೆ ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳಲು ಎರಡು ಗುಟುಕು ನೀರು ಬೇಕಾಯಿತು. ಅತ್ತೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಇನ್ನೂ ಉರಿಯಿತು. ಎಲ್ಲರಿಗೂ ಸರದಿ ಹಾಕಿದ್ದಳು, ಯಾರಿಗೂ ಹೇಳಿರಲಿಲ್ಲ.

"ಹೋಗ್ಲಿ, ಹೊರಡಿ. ಪೇಟೆಯಲ್ಲಿ ತುಂಬಿಸಿದ್ರಾಯ್ತು."

ಪೇಟೆಯಲ್ಲಿ ಎರಡು ಕಾರು ಮೊದಲೇ ಸಾಲಿನಲ್ಲಿದ್ದವು. ಮೊದಲ ಕಾರಿನವನು ಪ್ಲಗ್ಗು ಚುಚ್ಚಿ ಒಳಗೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಗಂಡ ಗಾಜು ತಟ್ಟಿದ. ಅವನು ಒಂದು ಕಣ್ಣು ತೆರೆದು, "ನಂದು ಇನ್ನೂ ಆಗಿಲ್ಲ," ಎಂದು ಮತ್ತೆ ಮುಚ್ಚಿದ. ಅವನದಾಗಿ, ಇನ್ನೊಬ್ಬನದಾಗಿ, ಇವರ ಸರದಿ ಬಂದಾಗ ಯಂತ್ರ ಹೊಸ ತಗಾದೆ ತೆಗೆಯಿತು. ಅದರ ಆ್ಯಪು ಹಾಕಿಕೊಳ್ಳಬೇಕಂತೆ, ಹೆಸರು ಕೊಡಬೇಕಂತೆ, ಫೋನಿಗೆ ಬರುವ ಅಂಕಿಯನ್ನು ಒತ್ತಬೇಕಂತೆ. ಅಂಕಿ ಬರಲಿಲ್ಲ. ಬಂದಾಗ ಅದರ ಅವಧಿ ಮುಗಿದಿತ್ತು. ಮತ್ತೆ ಕೇಳಿದರೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದಿತು.

"ಮನೆಯ ಗೋಡೆಯಲ್ಲಿದ್ದ ಪ್ಲಗ್ಗು ಹೆಸರು ಕೇಳ್ತಿರಲಿಲ್ಲ," ಎಂದಳು ಪಾಳಿಯಮ್ಮ, ಯಾರ ಮುಖವನ್ನೂ ನೋಡದೆ.

ಹಿಂದಿನ ಸೀಟಿನಲ್ಲಿ ಅತ್ತೆ ಬಾಗಿಲಿನ ಕಡೆ ತಿರುಗಿಕೊಂಡರು.

ಕೊನೆಗೂ ಕಾರು ಕರೆಂಟು ಕುಡಿಯಲು ಶುರುಮಾಡಿತು. ಅಷ್ಟರಲ್ಲಿ ತಂಗಿಯ ಫೋನು.

"ಅಕ್ಕಾ, ಹಡಗು ಇಳಿದೆ! ಎಲ್ಲಿದ್ದೀಯಾ?"

"ಇನ್ನೇನು, ಬಂದ್ವಿ," ಎಂದಳು ಪಾಳಿಯಮ್ಮ. ಮುಂದಿದ್ದ ದಾರಿ ಹಿಂದಾಗಿದ್ದ ದಾರಿಯ ಮೂರು ಪಟ್ಟಿತ್ತು. ಆದರೂ ಹುಡುಗಿ ಎರಡು ವರ್ಷಕ್ಕೆ ಊರ ಕಡೆಯ ನೆಲ ಮುಟ್ಟಿದ್ದಾಳೆ, ಅವಳಿಗ್ಯಾಕೆ ಈ ಗೋಳು? ಚಿಕ್ಕಂದಿನಿಂದಲೂ ಅಷ್ಟೆ. ತಂಗಿ ಕೇಳಿದ್ದಕ್ಕೆಲ್ಲ ಅಕ್ಕನ ಉತ್ತರ, ಆಯ್ತು, ಆಯ್ತು.

"ಹಾಗಾದ್ರೆ ನಾನು ಬಾಗಿಲಲ್ಲೇ ಕೂತಿರ್ತೀನಿ."

ಗಂಡ ಕೈಗಡಿಯಾರ ನೋಡಿದ, ಯಂತ್ರ ನೋಡಿದ, ಪ್ಲಗ್ಗು ಕಿತ್ತ. "ಸಾಕು. ಅರ್ಧದ ಮೇಲೆ ಆಗಿದೆ. ಮಿಕ್ಕಿದ್ದು ಹೋಟೆಲಲ್ಲಿ."

"ರೀ, ಇನ್ನೊಂದು ಸ್ವಲ್ಪ ಇರ್ಲಿ. ಉಪ್ಪಿನ ಡಬ್ಬಿ ಖಾಲಿಯಾಗೋವರೆಗೆ ಕಾದು ಅಂಗಡಿಗೆ ಓಡೋ ಬುದ್ಧಿ ಬೇಡ."

"ಇಲ್ಲೇ ಕೂತಿದ್ರೆ ಐದು ಗಂಟೆ ಇಲ್ಲೇ ಆಗುತ್ತೆ."

ಅದೂ ನಿಜವೇ. ಹೊರಟರು.

ಕಡಲು ಎಡಕ್ಕೆ ತೆರೆದುಕೊಂಡಿತು. ಗುಬ್ಬಿ ಕಿರುಚಿದಳು, ಅತ್ತೆ ಕೈ ಮುಗಿದರು. ಪಾಳಿಯಮ್ಮನಿಗೆ ಕಡಲು ಕಾಣಲಿಲ್ಲ. ಅವಳ ಕಣ್ಣು ಕಾರಿನ ಪರದೆಯ ಮೇಲಿನ ಚಾರ್ಜಿನ ಅಂಕಿಯಲ್ಲೇ ನೆಟ್ಟಿತ್ತು. ಎದುರುಗಾಳಿ ಕಾರನ್ನು ಎದೆಗೆ ಕೈ ಕೊಟ್ಟು ತಳ್ಳುತ್ತಿತ್ತು. ನಕ್ಷೆಗೆ ಗಾಳಿಯ ವಿಷಯ ಗೊತ್ತೇ ಇರಲಿಲ್ಲ. ಏಸಿ ಆರಿಸಿದರು. ಗುಬ್ಬಿ ಬೆವರಿ ಅತ್ತಳು. ಕಿಟಕಿ ತೆಗೆದರು. ಅತ್ತೆಯ ಕೂದಲೆಲ್ಲ ಹಾರಿ ಬಾಯಿಗೆ ಬಂತು.

ಹೋಟೆಲು ಬಂತು. ಪ್ಲಗ್ಗೂ ಇತ್ತು. ಅದರ ಮುಂದೆ, ಪ್ಲಗ್ಗಿನ ಗೊಡವೆಯೇ ಇಲ್ಲದ ಪೆಟ್ರೋಲು ಕಾರೊಂದು ಅಡ್ಡ ನಿಂತಿತ್ತು.

"ಇದು ಯಾರದ್ದು?" ಎಂದು ಗಂಡ ಹೋಟೆಲಿನವನನ್ನು ಕೇಳಿದ.

"ಗಿರಾಕಿಗಳದ್ದು. ಈಜಕ್ಕೆ ಹೋಗಿದ್ದಾರೆ."

ಗಂಡ ಮರಳಿನ ಮೇಲೆ ನಿಂತು ಕಡಲಿನ ಕಡೆಗೆ ಎರಡು ಕೈ ಬೀಸಿ ಕೂಗಿದ. ನೀರಿನ ಮೇಲೆ ಹತ್ತಿಪ್ಪತ್ತು ತಲೆ ತೇಲುತ್ತಿದ್ದವು. ಎರಡು ತಲೆಗಳು ಖುಷಿಯಿಂದ ಕೈ ಬೀಸಿದವು.

"ಅಪ್ಪಾ, ಕಾರಿನ ತಲೆ ಯಾವುದು?" ಎಂದಳು ಗುಬ್ಬಿ.

ಊಟ ಅರ್ಧಕ್ಕೇ ಬಿಟ್ಟರು. ಕಾದರು, ಕೂಗಿದರು, ಮತ್ತೆ ಕಾದರು. ತಂಗಿ ಎರಡನೇ ಸಲ ಫೋನು ಮಾಡಿದಳು. "ಬಂದೇಬಿಟ್ವಿ ಕಣೇ," ಎಂದಳು ಪಾಳಿಯಮ್ಮ, ಉಗುರು ಕಚ್ಚುತ್ತಾ. ಗಂಡ ಅವಳ ಮುಖವನ್ನೇ ನೋಡಿದ.

"ಯಾಕೆ ಸುಳ್ಳು ಹೇಳ್ತೀಯಾ?"

"ಸುಳ್ಳಲ್ಲ. ದೀಪಸ್ತಂಭದ ಹತ್ರ ತುಂಬಿಸಿದ್ರೆ ಹೋಗಿಬಿಡ್ತೀವಿ. ನಡೀರಿ."

ದೀಪಸ್ತಂಭದ ಹತ್ತಿರ ಯಂತ್ರವಿತ್ತು, ಜೀವ ಇರಲಿಲ್ಲ. ಉಪ್ಪುಗಾಳಿ ತಿಂದು ತಿಂದು ಅದರ ಮೈಯೆಲ್ಲ ತುಕ್ಕು. ಒತ್ತಿದರೆ ಗುಂಡಿಯೇ ಒಳಗೆ ಹೋಗಿ ಅಲ್ಲೇ ಉಳಿಯಿತು. ನಕ್ಷೆಯಲ್ಲಿ ಮಾತ್ರ ಅದು ಹಸಿರಾಗಿ ಹೊಳೆಯುತ್ತಿತ್ತು.

ಪಾಳಿಯಮ್ಮ ಯಂತ್ರಕ್ಕೆ ಒಂದು ಬಿಟ್ಟಳು. ಕೈ ನೊಂದಿತು.

"ಹೊಡೆದ್ರೆ ನಮ್ಮನೆ ಹಳೇ ರೇಡಿಯೋ ಶುರುವಾಗ್ತಿತ್ತು," ಎಂದರು ಅತ್ತೆ, ಮೆಲ್ಲಗೆ. ಯಾರೂ ನಗಲಿಲ್ಲ.

ಮತ್ತೆ ಹೊರಟರು. ಅಂಕಿ ಒಂದೊಂದಾಗಿ ಇಳಿಯುತ್ತಿತ್ತು, ಕಾರು ಆಮೆಯ ಹಾಗೆ ತೆವಳುತ್ತಿತ್ತು, ಹಿಂದಿನವರು ಹಾರನ್ನು ಹೊಡೆದು ಬೈದು ಮುಂದೆ ಹೋಗುತ್ತಿದ್ದರು. ಪರದೆ ಕೆಂಪಾದಾಗ ರಸ್ತೆಯ ಪಕ್ಕ ದೋಣಿ ರಿಪೇರಿಯ ಶೆಡ್ಡೊಂದು ಕಂಡಿತು. ಅದರ ಯಜಮಾನಿ, ಮೊಣಕೈವರೆಗೂ ಬಣ್ಣ ಬಳಿದುಕೊಂಡಿದ್ದ ದಪ್ಪ ಹೆಂಗಸು, ಕೇಳುವ ಮೊದಲೇ ಗೋಡೆಯ ಪ್ಲಗ್ಗು ತೋರಿಸಿದಳು. "ಚುಚ್ಚಿಕೊಳ್ಳಿ. ದೋಣಿ ಉಜ್ಜೋ ಯಂತ್ರ ಓಡುತ್ತೆ ಇದರಲ್ಲಿ. ಕಾರು ತುಂಬೋದು ನಾಳೆಗೇನೋ."

ಪ್ಲಗ್ಗು ಚುಚ್ಚಿದ ಮೇಲೆ ಪರದೆಯೂ ಅದನ್ನೇ ಹೇಳಿತು. ಬಂದರಿಗೆ ಮುಟ್ಟುವಷ್ಟು ತುಂಬಲು ಕತ್ತಲಾಗಬೇಕು. ಬಾಡಿಗೆ ಕಾರಿಗೆ ಫೋನು ಮಾಡಿದರೆ, ಇಲ್ಲಿಗೆ ಬಂದು ಅಲ್ಲಿಗೆ ಹೋಗುವಷ್ಟರಲ್ಲಿ ಐದು ದಾಟುತ್ತದೆ ಎಂದರು.

ಪಾಳಿಯಮ್ಮ ಬೋರಲು ಹಾಕಿದ್ದ ದೋಣಿಯ ಮೇಲೆ ಕೂತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು ಅವಳಿಗೆ ಇಷ್ಟು ದಿನ ಬರೀ ಗಾದೆಯಾಗಿತ್ತು. ಗಂಡ ಪಕ್ಕದಲ್ಲಿ ನಿಂತು, ಏನು ಹೇಳಿದರೂ ತಪ್ಪಾಗುತ್ತದೆಂದು ತಿಳಿದವನಂತೆ ತನ್ನ ಕನ್ನಡಕ ಒರೆಸಿದ್ದನ್ನೇ ಒರೆಸುತ್ತಿದ್ದ. ಮತ್ತೆ ಫೋನು ಬಡಿದುಕೊಂಡಿತು.

"ಅಕ್ಕಾ, ಮೂರಾಯ್ತು. ಎಲ್ಲಿದ್ದೀರಾ?"

"ಇನ್ನೇನು..." ಎಂದಳು. ಗೋಡೆಯ ಪ್ಲಗ್ಗಿನ ಕಡೆ ನೋಡಿದಳು. "ಇಲ್ಲ ಕಣೇ. ಬಂದಿಲ್ಲ. ಬರೋಕೂ ಆಗಲ್ಲ. ಕಾರು ಖಾಲಿ. ದೋಣಿ ರಿಪೇರಿ ಶೆಡ್ಡಲ್ಲಿ ಕೂತಿದ್ದೀವಿ. ಹೋಟೆಲಲ್ಲೂ ಆಗಲಿಲ್ಲ, ದೀಪಸ್ತಂಭದಲ್ಲೂ ಆಗಲಿಲ್ಲ. ನಿನ್ನ ದಿಂಬು ಇಲ್ಲೇ ಇದೆ."

ಆ ಕಡೆಯಿಂದ ತಂಗಿ ಸಿಡಿದಳು.

"ಬೆಳಿಗ್ಗೆಯಿಂದ ಬಂದೆ, ಬಂದೆ ಅಂತ ನನ್ನನ್ನ ಈ ಬಾಗಿಲಲ್ಲಿ ಕಾವಲುಗಾರನ ಜೊತೆ ಕೂರಿಸಿದ್ದೀಯಲ್ಲ! ಅವನ ಮೂರು ತಲೆಮಾರಿನ ಕಥೆ ಕೇಳಿಯಾಯ್ತು! ಐದು ಗಂಟೆ ಹೊರಗಿನವರಿಗೆ ಅಕ್ಕಾ. ನಾವು ಆರೂವರೆಗೆ ಹತ್ತಿದ್ರೆ ಸಾಕು. ಮೊದಲೇ ಹೇಳಿದ್ರೆ ನಾನೇ ಬರ್ತಿರಲಿಲ್ವಾ?"

"ನೀನು ಬರ್ತೀಯಾ?"

"ಯಾಕೆ, ನಂಗೆ ಕಾಲಿಲ್ವಾ? ಯಾವ ಶೆಡ್ಡು ಹೇಳು!"

ಪಾಳಿಯಮ್ಮ ಫೋನು ಹಿಡಿದುಕೊಂಡೇ ಕೂತಳು. ಇಷ್ಟು ದಿನ ನಕ್ಷೆ ತಿರುವಿ ತಿರುವಿ ನೋಡಿದ್ದಳು, ಕಾರಿನ ಹಸಿವು, ಮನೆಯವರ ಹಸಿವು ಎಲ್ಲ ಹೊಂದಿಸಿದ್ದಳು. ತಂಗಿಯೂ ಎದುರಿನಿಂದ ಬರಬಹುದು ಎಂಬುದು ಮಾತ್ರ ಹೊಳೆದೇ ಇರಲಿಲ್ಲ.

ನಾಲ್ಕು ದಾಟಿದ ಮೇಲೆ ಬಾಡಿಗೆ ಕಾರೊಂದು ಧೂಳೆಬ್ಬಿಸಿಕೊಂಡು ಬಂತು. ಇಳಿದವಳು ಬಿಸಿಲಿಗೆ ಕಪ್ಪಾಗಿದ್ದಳು, ತೋಳು ಗಟ್ಟಿಯಾಗಿತ್ತು, ಮುಂಗೈಯಲ್ಲಿ ಎಣ್ಣೆ ಸಿಡಿದ ಕಲೆಗಳಿದ್ದವು. ಅಕ್ಕ ಅಪ್ಪಿಕೊಳ್ಳಲು ಹೋದರೆ ಅವಳು ಮೊದಲು ಬೆನ್ನಿಗೆ ಒಂದು ಗುದ್ದಿದಳು.

"ಇದು ಬೆಳಿಗ್ಗೇದು," ಎಂದು ಇನ್ನೊಂದು ಗುದ್ದಿದಳು. "ಇದು ಮಧ್ಯಾಹ್ನದ್ದು." ಆಮೇಲೆ ತಬ್ಬಿಕೊಂಡು ಬಿಡಲೇ ಇಲ್ಲ.

"ಚಿಕ್ಕೀ, ಹಡಗು ತಂದಿಲ್ವಾ?" ಎಂದಳು ಗುಬ್ಬಿ.

"ಜೇಬಲ್ಲಿ ಹಿಡಿಸಲಿಲ್ಲ ಪುಟ್ಟಾ."

ದಿಂಬು ಎಲ್ಲಿ ಎಂದು ಹುಡುಕಿದರೆ, ಅದು ಬೆಳಿಗ್ಗೆಯಿಂದ ಅತ್ತೆಯ ಸೊಂಟದ ಹಿಂದೆ ಒತ್ತಿ ಒತ್ತಿ ಹಪ್ಪಳವಾಗಿತ್ತು. ಪಾಳಿಯಮ್ಮನ ಮುಖ ಕೆಂಪಾಯಿತು. ತಂಗಿ ಅದನ್ನು ಕಸಿದು, ದೋಣಿಗೆ ಎರಡು ಸಲ ಬಡಿದು, ಮೂಗಿಗೆ ಒತ್ತಿ ಹಿಡಿದಳು.

"ನಮ್ಮನೆ ವಾಸನೆ," ಎಂದಳು. ಅಷ್ಟೇ ಅಂದಳು.

ಅಕ್ಕ ತಂಗಿ ಬೋರಲು ದೋಣಿಯ ಮೇಲೆ ಕೂತರು. ತುಂಬಾ ಹೇಳುವುದಿತ್ತು, ಆದರೆ ಹೇಳಿದ್ದು ಏನೇನೋ. ಹಡಗಿನ ಒಲೆ ಅಲೆ ಬಂದಾಗ ಹೇಗೆ ವಾಲುತ್ತದೆ, ಆಸ್ಪತ್ರೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ. ಉಳಿದ ಬುತ್ತಿಯನ್ನು ತಂಗಿ ನಿಂತೇ ತಿಂದಳು. ಕೂತು ತಿನ್ನುವುದನ್ನು ಹಡಗು ಮರೆಸಿಬಿಟ್ಟಿತ್ತು. ಶೆಡ್ಡಿನೊಳಗೆ ಅತ್ತೆ ಒಂದು ಬಣ್ಣದ ಡಬ್ಬಿಯನ್ನು ಬೋರಲು ಹಾಕಿ ಪ್ಲಗ್ಗಿನ ಪಕ್ಕದಲ್ಲೇ ಕೂತಿದ್ದರು. ಯಜಮಾನಿ ಏನೋ ತೆಗೆದುಕೊಳ್ಳಲು ಹತ್ತಿರ ಬಂದರೆ, "ಹುಷಾರು ಕಣಮ್ಮಾ, ಸ್ವಿಚ್ಚು ಮುಟ್ಟಬೇಡ. ಇದನ್ನ ಆರಿಸಬಾರದಂತೆ," ಎಂದು ಗದರಿದರು.

ಬಾಡಿಗೆ ಕಾರಿನವನು ಹಾರನ್ನು ಹೊಡೆದ. ತಂಗಿ ಎದ್ದಳು. ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿದಳು, ತಿರುಗಿ ನೋಡಲಿಲ್ಲ. ನೋಡಿದ್ದರೆ ಹೊರಡುವುದು ಆಗುತ್ತಿರಲಿಲ್ಲವೇನೋ. ಒಂದು ಗಂಟೆಯೂ ಸಿಕ್ಕಿರಲಿಲ್ಲ. ಬೆಳಿಗ್ಗೆ ಪೇಟೆಯಲ್ಲೇ ನಿಜ ಹೇಳಿದ್ದರೆ ಅರ್ಧ ದಿನ ಸಿಗುತ್ತಿತ್ತು.

"ಹಡಗು ನೋಡಲೇ ಇಲ್ಲ," ಎಂದು ಗುಬ್ಬಿ ರಾಗ ತೆಗೆದಳು.

ಬಿಸಿಲು ಇಳಿಯುವ ಹೊತ್ತಿಗೆ ಫೋನು ಕುಂಯ್ ಎಂದಿತು. ತಂಗಿಯ ಸಂದೇಶ. "ಹತ್ತಿದೆ. ದಿಂಬು ಹಾಸಿಗೆ ಮೇಲಿದೆ. ನೀವು ಎಲ್ಲಿದ್ದೀರಾ?"

ಪಾಳಿಯಮ್ಮನ ಬೆರಳು ತಾನಾಗಿ "ಇನ್ನೇನು ಮನೆ" ಎಂದು ಬರೆಯಿತು. ಅವಳು ಅದನ್ನು ನೋಡಿದಳು. ಒಂದೊಂದೇ ಅಕ್ಷರ ಅಳಿಸಿದಳು. ಕಾರಿನೊಳಗೆ ಬಗ್ಗಿ ಪರದೆ ನೋಡಿ ಬಂದು ಮತ್ತೆ ಬರೆದಳು.

"ಇನ್ನೂ ಶೆಡ್ಡಲ್ಲೇ ಇದ್ದೀವಿ. ಹದಿನೇಳು ಪರ್ಸೆಂಟು. ಅತ್ತೆಗೆ ಸೊಂಟ ನೋವು, ಗುಬ್ಬಿ ಅಳ್ತಾ ಇದ್ದಾಳೆ, ನಂಗೆ ಸಾಕಾಗಿಹೋಗಿದೆ."