ಅತ್ತೆಯ ಎಡಗಣ್ಣು ಮತ್ತು ಹೊಸ ಟಿವಿ

ನಮ್ಮ ಮನೆಯಲ್ಲಿ ಹೊಸ ಸಾಮಾನಿನ ಪ್ಲಾಸ್ಟಿಕ್ ಬಿಚ್ಚುವ ಹಾಗಿಲ್ಲ. ಅದು ಅತ್ತೆಯ ಕಾನೂನು. ಸೋಫಾದ ಮೇಲೆ ಕೂತರೆ ಚರಚರ ಎನ್ನುತ್ತದೆ. ಫ್ರಿಜ್ಜಿನ ಹಿಡಿ ಆರು ವರ್ಷದಿಂದ ಕವರಿನೊಳಗೇ ಇದೆ. ಕಳೆದ ವಾರ ಹೊಸ ಎಚ್‌ಡಿ ಟಿವಿಯನ್ನು ಗೋಡೆಗೆ ಕೂರಿಸಲು ಬಂದವನು ಪರದೆಯ ಅಂಚಿಗೆ ಉಗುರು ಹಾಕಿದ್ದೇ ತಡ, ಅತ್ತೆ, "ಹಾಗೇ ಇರಲಪ್ಪ, ಮುಟ್ಟಬೇಡ" ಅಂದರು. ಅವನು ಅವರ ಮುಖ ನೋಡಿದ, ನನ್ನ ಮುಖ ನೋಡಿದ, ನೀರು ಕುಡಿದು ಹೊರಟುಹೋದ. ನಾವೂ ಮರೆತೆವು.

ನನ್ನವರಿಗೆ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ. ಭಾನುವಾರ ಅಂಗಡಿಯ ಬಣ್ಣದ ಪುಸ್ತಕ ತಂದು ಟಿವಿಯ ಪರೀಕ್ಷೆಗೆ ನಿಂತರು. ಕಾಡು ಬಂದರೆ ಹಸಿರಿನ ಪುಟ ಹಿಡಿಯುವುದು, ಸಮುದ್ರ ಬಂದರೆ ನೀಲಿಯ ಪುಟ ಹುಡುಕುವುದು. ಕಾಡಿನಲ್ಲೊಂದು ಹುಲಿ ಬಂದಾಗ ಚಿತ್ರವನ್ನು ಅಲ್ಲೇ ನಿಲ್ಲಿಸಿದರು.

"ಎಲೆಹಸಿರು ಅಂದ್ರೆ ಇದು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿ ಇಲ್ಲ."

ಮಗಳು ಪುಟ್ಟಿ ಪರದೆಗೆ ಮೂಗು ಒತ್ತಿ ನಿಂತಿದ್ದಳು. "ಅಪ್ಪಾ, ಹುಲಿಗೆ ಹದಿನೇಳು ಮೀಸೆ."

"ನಿನ್ನ ತಲೆಗೆ ಎಷ್ಟು ಕೂದಲು ಅಂತ ಆಮೇಲೆ ಎಣಿಸ್ತೀನಿ, ಈಗ ಸರಿ ಆಚೆ."

"ಅಜ್ಜಿ, ನಿನಗೆಷ್ಟು ಮೀಸೆ ಕಾಣತ್ತೆ?"

"ಹುಲಿ ಕಾಣತ್ತಲ್ಲ, ಸಾಕು ಬಿಡೇ."

ಅತ್ತೆ ಎದ್ದು ಅಡುಗೆಮನೆಗೆ ಬಂದರು. ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ಪಕ್ಕದಲ್ಲಿ ನಿಂತು ನಾರು ತೆಗೆಯುತ್ತಾ ಮೆಲ್ಲಗೆ ಹೇಳಿದರು: "ಯಾರಿಗೂ ಹೇಳಬೇಡ ಕಣಮ್ಮಾ. ನನ್ನ ಎಡಗಣ್ಣು ಕೆಟ್ಟಿದೆ."

ಮೂರು ವಾರದ ಹಿಂದೆ ಆ ಕಣ್ಣಿನ ಪೊರೆ ತೆಗೆಸಿದ್ದೆವು. ಬಲಗಣ್ಣಿನದಕ್ಕೆ ಈ ಸೋಮವಾರ ಡಾಕ್ಟರು ತಾರೀಕು ಕೊಡುವವರಿದ್ದರು.

"ನಿನ್ನೆ ಸೂಜಿಗೆ ದಾರ ನೀವೇ ಪೋಣಿಸಿದ್ರಲ್ಲ ಅತ್ತೆ?"

"ಸೂಜಿ ಬಿಡು. ಬಣ್ಣದ ಕೆಲಸದವನು ಅವನೇ ಚೆನ್ನಾಗಿದೆ ಅಂತಾನೆ. ನನಗೆ ನೋಡಿದ್ರೆ ಎಲ್ಲಾ ಅಕ್ಕಿ ತೊಳೆದ ನೀರಲ್ಲಿ ಅದ್ದಿದ ಹಾಗಿದೆ. ಕೆಟ್ಟಿರೋದು ಟಿವಿ ಅಲ್ಲ ಅಂದ್ಮೇಲೆ ಇನ್ನೇನು? ನಾಳೆ ಬಲಗಣ್ಣು ಮುಟ್ಟಬೇಡಿ ಅಂತೀನಿ. ಅದಾದ್ರೂ ಇರಲಿ."

ಅವರ ಕೈಯಲ್ಲಿ ನಾರಿಗಿಂತ ಕಾಯಿಯೇ ಹೆಚ್ಚು ಹರಿಯುತ್ತಿತ್ತು. ಚಿಂತೆ ಹತ್ತಿದಾಗ ಏನಾದರೂ ಒರೆಸುವುದು ನನ್ನ ಅಭ್ಯಾಸ. ಒದ್ದೆ ಬಟ್ಟೆ ಹಿಡಿದು ಹೋಗಿ, ಪರದೆಯ ಮೇಲಿದ್ದ ಪುಟ್ಟಿಯ ಮೂಗಿನ ಗುರುತು ತಿಕ್ಕತೊಡಗಿದೆ. ಅಂಚಿಗೆ ಬರುವಷ್ಟರಲ್ಲಿ ಮೂಲೆ ಎದ್ದು ಬಟ್ಟೆಗೆ ಅಂಟಿಕೊಂಡಿತು. ಒಂದಿಷ್ಟು ಎಳೆದೆ. ಪರ್ ಎಂದಿತು.

"ಏ, ಪರದೆ ಕಿತ್ತು ಬರ್ತಿದೆ, ನಿಲ್ಲಿಸು," ಅಂದರು ಇವರು.

ಪರದೆಯಲ್ಲ, ತೆಳ್ಳನೆ ಪ್ಲಾಸ್ಟಿಕ್ ಹಾಳೆ. ಎದ್ದ ಆ ಮೂಲೆಯಲ್ಲಿ ಹುಲಿಯ ಒಂದು ಪಂಜ ಮಾತ್ರ ಈಗ ತಾನೇ ಸ್ನಾನ ಮಾಡಿಸಿದಂತೆ ಹೊಳೆಯುತ್ತಿತ್ತು.

ಮೂವರೂ ಅತ್ತೆಯ ಕಡೆ ತಿರುಗಿದೆವು. ಅವರು ಬಾಗಿಲಲ್ಲಿ, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ನಿಂತಿದ್ದರು.

"ಇನ್ನೊಂಚೂರು ಎಳಿ," ಅಂದರು.

ಪುಟ್ಟಿ ಒಂದು ತುದಿಗೆ ಜೋತುಬಿದ್ದಳು, ನಾನೊಂದು ತುದಿಗೆ. ಹಾಳೆ ಪೂರ್ತಿ ಬಂದು ನಮ್ಮಿಬ್ಬರನ್ನೂ ಸುತ್ತಿಕೊಂಡಿತು. ಹಾಳೆಯೊಳಗಿದ್ದ ನಮಗೆ ಅತ್ತೆಯ ದನಿಯಷ್ಟೇ ಕೇಳಿಸಿತು.

"ಆ ಕಡೆ ಹನ್ನೊಂದು, ಈ ಕಡೆ ಹನ್ನೊಂದು. ಇಪ್ಪತ್ತೆರಡು ಮೀಸೆ. ಒಂದರ ತುದೀಲಿ ನೊಣ ಕೂತಿದೆ."

ಇವರು ಗಾಬರಿಯಿಂದ ಪುಸ್ತಕದ ಪುಟ ಮಗುಚುತ್ತಿದ್ದರು. "ಹಾಗಾದ್ರೆ ನನ್ನ ಎಲೆಹಸಿರು?"

"ಯಾರ್ಯಾರ ಗೋಡೆಗೆ ಏನೇನು ಬಳಿಸಿದ್ದೀಯೋ ಮಾರಾಯ. ನಾಳೆ ಆಸ್ಪತ್ರೆಗೆ ನೀನೂ ಬಾ, ನಿನ್ನ ಕಣ್ಣನ್ನೂ ತೋರಿಸೋಣ."

ನಕ್ಕು ನಕ್ಕು ಸೋಫಾದ ಮೇಲೆ ಬಿದ್ದೆವು, ಅದೂ ನಮ್ಮ ಜೊತೆ ಚರಚರ ನಕ್ಕಿತು. ಪುಟ್ಟಿ ಅದರ ಹೊದಿಕೆಗೇ ಕೈ ಹಾಕಿ, "ಅಜ್ಜಿ, ಇದೂ?" ಅಂದಳು. ಅತ್ತೆ ಹ್ಞೂಂ ಅಂದದ್ದೇ ಸಾಕಾಯಿತು. ಸೋಫಾ, ರಿಮೋಟು, ಫ್ರಿಜ್ಜಿನ ಹಿಡಿ ಎಲ್ಲವೂ ಬಯಲಾದವು. ಸೋಫಾ ನೀಲಿ ಎಂದು ನನಗೆ ನೆನಪೇ ಇರಲಿಲ್ಲ.

ಟಿವಿಯ ಹಾಳೆಯನ್ನು ಮಾತ್ರ ಅತ್ತೆ ಮಡಚಿ ಎತ್ತಿಟ್ಟರು, ಯಾವುದಕ್ಕಾದರೂ ಬರುತ್ತದಂತೆ. ಆಮೇಲೆ ನನ್ನ ಹತ್ತಿರ ಬಂದು, "ಬಲಗಣ್ಣಿಗೆ ಬೇಗನೇ ತಾರೀಕು ಕೇಳು" ಅಂದರು. ಹಾಗೇ ಛಾವಣಿಯ ಮೂಲೆ ತೋರಿಸಿದರು.

"ಅಲ್ಲಿ ಜೇಡ ಬಲೆ ಕಟ್ಟಿದೆ. ನಾಲ್ಕು ದಿನದಿಂದ ಕಾಣ್ತಿತ್ತು. ಕಣ್ಣಿನದೇ ದೋಷ ಅಂದ್ಕೊಂಡು ಸುಮ್ಮನಿದ್ದೆ."

ನಾನು ನಗುತ್ತಲೇ ಪೊರಕೆ ತರಲು ಹೋದೆ.